ಮೂರನೆಯ ಕುರ್ಚಿ

ಚಿಂಚೋಳಿಯಲ್ಲಿ ನಾನು ಪಾಠ ಮಾಡುವ ಕಾಲೇಜಿನ ಹಿಂಬದಿಗೆ ಒಂದು ಖಾನಾವಳಿ ಇದೆ. ಹೋದ ವಾರ ಅಲ್ಲಿ ಹೋಳಿಗೆಗೆಂದು ದೊಡ್ಡ ಬೋಗುಣಿಯಲ್ಲಿ ಬೆಲ್ಲ ಕರಗಿಸುತ್ತಿದ್ದರು. ಬಾಗಿಲ ಬಳಿ ಮಳೆಯಲ್ಲಿ ನೆನೆದ ಚರ್ಮದ ಚಪ್ಪಲಿಗಳು ರಾಶಿ ಬಿದ್ದಿದ್ದವು. ಎರಡೂ ವಾಸನೆ ಒಟ್ಟಿಗೆ ಬಂದಾಗ ನಾನು ತಟ್ಟೆ ಹಿಡಿದು ಹಾಗೆಯೇ ನಿಂತುಬಿಟ್ಟೆ. ಹಿಂದಿದ್ದವರು "ಮೇಡಂ, ಜರಾ ಮುಂದ ಸರೀರಿ" ಅಂದ ಮೇಲೆ ಸರಿದೆ.

ಬೆಲ್ಲ ಮತ್ತು ಹಸಿ ಚರ್ಮ ಸೇರಿದರೆ ಅದು ಶಹಾಬಾದಿನ ನಮ್ಮ ಮನೆಯ ಆಷಾಢ. ಆಷಾಢದಲ್ಲಿ ಲಗ್ನಗಳಿಲ್ಲ, ಆದ್ದರಿಂದ ಬ್ಯಾಂಡಿಗೆ ಕೆಲಸವಿಲ್ಲ. ಆಗ ಅಪ್ಪ ತನ್ನ ಬ್ಯಾಗ್‌ಪೈಪಿನ ಕೊಳವೆಗಳನ್ನೆಲ್ಲ ಬಿಚ್ಚಿ, ಮಶಕ್ ಎಂದು ನಾವನ್ನುವ ಚರ್ಮದ ಚೀಲದೊಳಗೆ ಉಗುರುಬೆಚ್ಚಗಿನ ಬೆಲ್ಲದ ಪಾಕ ಸುರಿದು, ಹೊಲಿಗೆಯ ಸಂದುಗಳಿಗೆಲ್ಲ ಇಳಿಯುವಂತೆ ಹೊರಗಿನಿಂದ ತಿಕ್ಕಿ, ಎರಡು ದಿನ ತೊಲೆಗೆ ತಲೆಕೆಳಗಾಗಿ ತೂಗುಹಾಕುತ್ತಿದ್ದ. ಚೀಲ ಗಾಳಿ ಬಿಡಬಾರದೆಂದು ಅಪ್ಪನ ಅಪ್ಪ, ನಮ್ಮ ಮುತ್ಯಾನ ಕಾಲದಿಂದ ನಡೆದುಬಂದ ಉಪಾಯ ಅದು. ಕೆಳಗಿಟ್ಟ ತಾಟಿನೊಳಗೆ ಪಾಕ ಹನಿ ಹನಿಯಾಗಿ ಬೀಳುತ್ತಿತ್ತು. ಓಣಿಯ ಇರುವೆಗಳೆಲ್ಲ ನಮ್ಮ ಮನೆಗೇ ಬರುತ್ತಿದ್ದವು.

"ನಿಮ್ಮಪ್ಪನ ಮಶಕ್‌ಗೆ ಬೆಲ್ಲ ಅದ, ನನ್ನ ಚಹಾಕ್ಕ ಇಲ್ಲ," ಎಂದು ಅವ್ವ ಪ್ರತಿ ಆಷಾಢದಲ್ಲೂ ಅನ್ನುತ್ತಿದ್ದಳು. ಅಪ್ಪ ಪ್ರತಿ ಆಷಾಢದಲ್ಲೂ "ಅದು ವರ್ಷಕ್ಕೊಮ್ಮಿ ಕೇಳ್ತದ, ನೀ ದಿನಾ ಕೇಳ್ತಿ," ಅನ್ನುತ್ತಿದ್ದ.

ನಾನು ಹೇಳಬೇಕಾದ್ದು ಎಂ.ಎಸ್ಸಿ. ಮುಗಿಸಿ, ಕೆಲಸ ಸಿಗದೆ ಮನೆಗೆ ಬಂದು ಕುಳಿತ ವರ್ಷದ ಸಂಗತಿ. ಆ ಆಷಾಢದಿಂದ ತೊಗರಿ ಕೊಯ್ಲಿನವರೆಗೆ.

ನಮ್ಮ ಮುತ್ಯಾ ಹಗಲೆಲ್ಲ ಖಣಿಯಲ್ಲಿ ಫರಸಿ ಕಲ್ಲು ಸೀಳುತ್ತಿದ್ದವನು. ಹರೆಯದಲ್ಲಿ ಒಂದೆರಡು ವರ್ಷ ಹೈದರಾಬಾದಿನಲ್ಲಿದ್ದಾಗ, ನಿಜಾಮರ ಪಲ್ಟನ್ನಿನ ಬ್ಯಾಂಡಿನಿಂದ ನಿವೃತ್ತನಾದ ಒಬ್ಬ ಮುದುಕನ ಬಳಿ ಬ್ಯಾಗ್‌ಪೈಪ್ ಕಲಿತ. ಆ ಮುದುಕನಿಗೆ ಕಲಿಸಿದವನು ಸ್ಕಾಟ್ಲೆಂಡಿನ ಬ್ಯಾಂಡ್ ಮಾಸ್ತರ. ಹೀಗೆ ಆ ದೇಶದ ಆರೇಳು ಧಾಟಿಗಳು ಶಹಾಬಾದಿನ ನಮ್ಮ ಓಣಿಗೆ ಬಂದವು. ಅವುಗಳ ಹೆಸರು ಮಾತ್ರ ದಾರಿಯಲ್ಲಿ ಎಲ್ಲೋ ಉದುರಿಹೋದವು. ನಾವು ಇಟ್ಟುಕೊಂಡ ಹೆಸರು ಬೇರೆ. ವರನ ಕಡೆಯವರ ಬಸ್ಸು ಬಂದು ನಿಂತಾಗ ನುಡಿಸುವುದು 'ಬೀಗರು ಇಳಿಯೋದು'. ಕಡೆಗೆ ಹೆಣ್ಣು ಗಾಡಿ ಹತ್ತುವಾಗ ನುಡಿಸುವ ನಿಧಾನದ್ದು 'ಹೆಣ್ಣು ಒಪ್ಪಿಸೋದು'.

ಕಲಬುರಗಿಯ ಹಾಸ್ಟೆಲಿನಲ್ಲಿದ್ದಾಗ ಒಂದು ಮಧ್ಯಾಹ್ನ ಫೋನಿನಲ್ಲಿ ಏನೋ ಹುಡುಕುತ್ತಿದ್ದೆ. ಒಂದು ವಿಡಿಯೋದಲ್ಲಿ ಚೌಕಳಿ ಲಂಗ ತೊಟ್ಟ ಸ್ಕಾಟ್ಲೆಂಡಿನ ಒಬ್ಬ ಮನುಷ್ಯ ಸಮುದ್ರದ ದಂಡೆಯಲ್ಲಿ ನಿಂತು 'ಹೆಣ್ಣು ಒಪ್ಪಿಸೋದು' ನುಡಿಸುತ್ತಿದ್ದ. ಕಡಲಿಗೆ ಹೋಗಿ ಮರಳದವರಿಗಾಗಿ ಹಾಡುವ ಹಳೆಯ ಶೋಕದ ಧಾಟಿ ಎಂದು ಕೆಳಗೆ ಬರೆದಿತ್ತು. ನಾನು ಎರಡು ದಿನ ಯಾರಿಗೂ ಹೇಳಲಿಲ್ಲ. ನಮ್ಮ ಮನೆಯದೆಂದುಕೊಂಡದ್ದು ಬೇರೆಯವರದೂ ಆಗಿರುವುದು ನನಗೆ ಸಂತೋಷವೋ ಕಳವಳವೋ ತಿಳಿಯಲಿಲ್ಲ. ಮೂರನೆಯ ದಿನ ಅಪ್ಪನಿಗೆ ಫೋನಿನಲ್ಲೇ ಕೇಳಿಸಿದೆ. ಅವನು ಕಡೆಯತನಕ ಕೇಳಿ, "ಛಲೋ ಊದ್ತಾನ. ಆದ್ರ ನಡುವ ಉಸುರು ಬಿಟ್ಟಾನಲ್ಲ," ಅಂದ.

ಅವನು ಹೇಳಿದ್ದು ಮುತ್ಯಾನ ಉಸಿರು. ಕಲ್ಲಿನ ಧೂಳು ತುಂಬಿದ ಎದೆ ಮುತ್ಯಾನದು. ಧಾಟಿಯ ನಡುವೆ ಚೀಲ ತುಂಬಿಸಲು ಅವನಿಗೆ ಬೇರೆಯವರಿಗಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಅಲ್ಲಿ ಅವನು ಒಂದೇ ಸ್ವರವನ್ನು ನಾಲ್ಕು ಎಣಿಕೆ ಹಿಡಿದು ನಿಲ್ಲಿಸಿ, ಆಮೇಲೆ ಮುಂದೆ ಹೋಗುತ್ತಿದ್ದ. ಅಪ್ಪ ಅದನ್ನು ಹಾಗೆಯೇ ಕಲಿತ. ಮೆರವಣಿಗೆ ಓಣಿಯ ತಿರುವು ಹಾಯುವಾಗ ಆ ನಾಲ್ಕು ಎಣಿಕೆ ಬರುವಂತೆ ನಮ್ಮ ಬ್ಯಾಂಡಿನವರು ಹೆಜ್ಜೆ ಹೊಂದಿಸಿಕೊಳ್ಳುತ್ತಿದ್ದರು.

ಆ ಮಳೆಗಾಲ ನಾನು ವಾಡಿಗೆ ಹೋಗಿ ರೈಲ್ವೆ ಕ್ವಾರ್ಟರ್ಸಿನ ಮಕ್ಕಳಿಗೆ ಗಣಿತ ಹೇಳುತ್ತಿದ್ದೆ. ಪಾಠ ನಡೆಯುತ್ತಿದ್ದದ್ದು ರೈಲ್ವೆ ಇನ್ಸ್ಟಿಟ್ಯೂಟಿನ ವಾಚನಾಲಯದಲ್ಲಿ. ವಾಡಿಯ ಮಳೆ ಬೇರೆ ಊರಿನ ಮಳೆಯಂತಲ್ಲ. ಕಾರ್ಖಾನೆಯ ಸಿಮೆಂಟಿನ ಪುಡಿ ಕೂತ ತಗಡಿನ ಮೇಲೆ ಬಿದ್ದು, ಒಣಗಿ, ಗಟ್ಟಿಯಾಗಿ, ಮುಂದಿನ ಮಳೆಗೆ ತಗಡಿನ ಸದ್ದೇ ಬದಲಾಗಿರುತ್ತದೆ. ಒಂದು ಸಂಜೆ ಆ ಸದ್ದಿನ ಕೆಳಗೆ, ಪಕ್ಕದ ಬ್ಯಾಡ್ಮಿಂಟನ್ ಹಾಲಿನಿಂದ, ಸ್ಯಾಕ್ಸೋಫೋನ್ ಕೇಳಿಸಿತು. ಬ್ಯಾಂಡಿನ ಮನೆಯವಳಾದ್ದರಿಂದ ವಾದ್ಯದ ಗುರುತು ಹತ್ತಿತು. ಧಾಟಿಯ ಗುರುತು ಹತ್ತಲಿಲ್ಲ. ಅದು ಒಂದು ದಾರಿ ಹಿಡಿದು ಹೊರಟು, ನಡುವೆ ಮನಸ್ಸು ಬದಲಿಸಿ, ಬೇರೆ ಓಣಿಯಲ್ಲಿ ನುಗ್ಗಿ, ಮತ್ತೆ ಅದೇ ಚೌಕಕ್ಕೆ ಬಂದು ನಿಲ್ಲುತ್ತಿತ್ತು.

ನುಡಿಸುತ್ತಿದ್ದವರು ಸ್ಟೀಫನ್ ಸಾಹೇಬರು. ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು. ಅವರ ತಂದೆ ಅದೇ ಹಾಲಿನಲ್ಲಿ ರೈಲ್ವೆಯ ದೊಡ್ಡ ಸಾಹೇಬರು ಕುಣಿಯಲು ಜಾಝ್ ನುಡಿಸುತ್ತಿದ್ದರಂತೆ.

"ಜಾಝ್ ಅಂದ್ರ ಏನ್ರಿ?" ಎಂದು ನಾನು ಕೇಳಿದೆ.

"ಇದ್ದ ಧಾಟಿ ಮೊದಲ ಹಂಗೇ ಹೇಳೋದು, ಬೇಟಾ. ಆಮ್ಯಾಗ ನಿನ್ನ ಮಾತಿನ್ಯಾಗ ಹೇಳೋದು. ಕಡೀಗಿ ಮನಿಗಿ ಬರೋದು. ಮನಿಗಿ ಬರೋದು ಮರೀಬಾರದು, ಅಷ್ಟೇ."

ಮುಂದಿನ ವಾರ ಅಪ್ಪನನ್ನು ಕರೆದುಕೊಂಡು ಹೋದೆ. ಅವನು ಹಾಲಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಪೈಪನ್ನು ಮಗುವಿನಂತೆ ಕಂಕುಳಲ್ಲಿ ಹಿಡಿದು ನಿಂತ. ಸ್ಟೀಫನ್ ಸಾಹೇಬರು ಕುರ್ಚಿ ಎಳೆದು "ಕುಂದ್ರು ಅಂಬಣ್ಣ ಭಾಯ್," ಅಂದರು. ಅಪ್ಪ "ಇರಲಿ ಬಿಡ್ರಿ," ಅಂದ. ಅರ್ಧ ಗಂಟೆಯಲ್ಲಿ ಆ ಮಾತನ್ನು ಮೂರು ಸಲ ಅಂದ.

ಮೊದಲ ದಿನ ಎಲ್ಲವೂ ಕೆಟ್ಟಿತು. ಬ್ಯಾಗ್‌ಪೈಪ್ ಬಯಲಿಗೆ ಹುಟ್ಟಿದ ವಾದ್ಯ. ಮೆಲ್ಲಗೆ ನುಡಿಸು ಎಂದರೆ ಅದಕ್ಕೆ ಗೊತ್ತಾಗುವುದಿಲ್ಲ. ಹಾಲಿನೊಳಗೆ ಅದು ಸ್ಯಾಕ್ಸೋಫೋನನ್ನು ಪೂರ್ತಿ ನುಂಗಿತು. ಶ್ರುತಿಯೂ ಹೊಂದಲಿಲ್ಲ. ನಾನು ಫೋನಿನಲ್ಲಿ ಅಳೆದು ನೋಡಿದೆ: ಪೈಪು ಸ್ವಲ್ಪ ಮೇಲಿತ್ತು. ಸ್ಟೀಫನ್ ಸಾಹೇಬರು ಸ್ಯಾಕ್ಸೋಫೋನಿನ ಬಾಯಿತುಂಡನ್ನು ಎಷ್ಟು ಸಾಧ್ಯವೋ ಅಷ್ಟು ಒಳಗೆ ತಳ್ಳಿದ ಮೇಲೆ ಅದು ಸರಿಹೋಯಿತು. ಆದರೆ ಅಪ್ಪ ನಿಂತಲ್ಲಿ ನಿಂತು ನುಡಿಸಿದರೆ ಎರಡನೆಯ ಸಾಲಿಗೇ ಬೆರಳು ತಪ್ಪುತ್ತಿದ್ದವು. ಇಂಥ ತಪ್ಪನ್ನು ನಾನು ಅವನಲ್ಲಿ ಎಂದೂ ಕಂಡಿರಲಿಲ್ಲ.

ಕಾರಣ ಹೊಳೆಯಲು ಎರಡು ವಾರ ಹಿಡಿಯಿತು. ಅಪ್ಪ ಹುಟ್ಟಿದಾಗಿನಿಂದ ಒಂದು ಧಾಟಿಯನ್ನೂ ನಿಂತು ನುಡಿಸಿದವನಲ್ಲ. ಬ್ಯಾಂಡಿನವರು ನಡೆಯುತ್ತಾ ಊದಬೇಕು, ಕರೆಸಿದವರ ಮುಂದೆ ಕೂರಬಾರದು. ಅದನ್ನು ಯಾರೂ ಬರೆದಿಟ್ಟಿಲ್ಲ. ಯಾರೂ ಮುರಿದೂ ಇಲ್ಲ. ಮಂಟಪದ ಬಾಗಿಲು ಬಂದರೆ ವಾದ್ಯ ನಿಲ್ಲುತ್ತದೆ, ಬ್ಯಾಂಡಿನವರು ಬದಿಗೆ ಸರಿಯುತ್ತಾರೆ. ಅಪ್ಪನ ಬೆರಳುಗಳಿಗೆ ಧಾಟಿ ಹೇಳಿಕೊಟ್ಟದ್ದು ಅವನ ಕಾಲುಗಳೇ.

"ಹಂಗಾದ್ರ ನಡೀ ಅಪ್ಪಾ," ಅಂದೆ. "ನಾವು ಇಲ್ಲೇ ಇರ್ತೀವಿ. ನೀ ಹಾಲ್ ಸುತ್ತ ನಡೀ."

ಅವನು ನಡೆದ. ಗೋಡೆಯ ಗುಂಟ ಹೋಗಿ ದೂರದ ಮೂಲೆ ಮುಟ್ಟಿದಾಗ ಪೈಪಿನ ದನಿ ತಗ್ಗಿತು. ಆ ಸಂದಿಯಲ್ಲಿ ಸ್ಯಾಕ್ಸೋಫೋನ್ ತಲೆಯೆತ್ತಿತು. ತಿರುಗಿ ಬಂದಾಗ ಪೈಪು ಮೇಲೆ, ಹೋದಾಗ ಸ್ಯಾಕ್ಸೋಫೋನ್ ಮೇಲೆ. ಯಾರೂ ಯಾರನ್ನೂ ತಗ್ಗಿಸಬೇಕಾಗಲಿಲ್ಲ. ಸ್ಟೀಫನ್ ಸಾಹೇಬರು ವಾದ್ಯ ಕೆಳಗಿಟ್ಟು ತುಂಬ ಹೊತ್ತು ನಕ್ಕರು.

ತಾಳ ನನ್ನದಾಯಿತು. ಸೈಡ್ ಡ್ರಮ್ಮನ್ನು ನಾನು ಚಿಕ್ಕವಳಿದ್ದಾಗಲೇ ಮನೆಯಲ್ಲಿ ಕಲಿತಿದ್ದೆ. ಹೆಣ್ಣುಮಗಳೆಂದು ಮೆರವಣಿಗೆಗೆ ಎಂದೂ ಒಯ್ದಿರಲಿಲ್ಲ. ಸ್ಟೀಫನ್ ಸಾಹೇಬರು ಕೋಲುಗಳನ್ನು ಕಸಿದುಕೊಂಡು ತಂದೆಯ ಕಾಲದ ತಂತಿಯ ಬ್ರಷ್ ಎರಡು ಕೊಟ್ಟರು. "ಹೊಡೀಬ್ಯಾಡ, ಕಸ ಗುಡಿಸು. ಮತ್ತ ಪೆಟ್ಟು ಒಂದನೇದರ ಮ್ಯಾಲ ಅಲ್ಲ, ಎರಡನೇದು, ನಾಕನೇದರ ಮ್ಯಾಲ." ಲಗ್ನದ ಬ್ಯಾಂಡಿನ ಮನೆಯಲ್ಲಿ ಒಂದನೆಯದನ್ನು ಬಿಡುವುದೆಂದರೆ ಹೊಸ್ತಿಲು ಬಿಟ್ಟು ಕಿಟಕಿಯಿಂದ ಮನೆಯೊಳಗೆ ಬಂದ ಹಾಗೆ. ಸ್ಟೀಲಿನ ತಾಟಿನ ಮೇಲೆ ಹಳೆಯ ಪೇಪರ್ ಹಾಸಿ ಮನೆಯಲ್ಲಿ ದಿನವೂ ಗುಡಿಸಿದೆ. ಅವ್ವ ನೋಡಿ ನೋಡಿ, "ಪೇಪರ್ ಇಷ್ಟು ಸ್ವಚ್ಛ ಮಾಡ್ಲಿಕತ್ತಿ, ಮನಿನೂ ಜರಾ ಮಾಡು," ಅಂದಳು.

ನನ್ನದೊಂದು ತಪ್ಪನ್ನೂ ಹೇಳಬೇಕು. ಮುತ್ಯಾನ ಆ ನಾಲ್ಕು ಎಣಿಕೆಯನ್ನು ತೆಗೆಯಬೇಕೆಂದು ಹಟ ಹಿಡಿದವಳು ನಾನೇ. ಮೂಲದಲ್ಲಿ ಅದಿಲ್ಲ, ತಿಳಿದವರು ಕೇಳಿದರೆ ತಪ್ಪೆನ್ನುತ್ತಾರೆ, ನಮ್ಮ ಮೇಲೆ ಯಾರೂ ಬೆರಳು ತೋರಿಸಬಾರದು ಎಂದು ವಾದಿಸಿದೆ. ಅಪ್ಪ ಪೈಪಿನ ದನಿ ಹುಟ್ಟಿಸುವ ನಾಲಿಗೆಯಿಂದ ಸಿಮೆಂಟಿನ ಪುಡಿ ಒರೆಸುತ್ತಾ ಕೇಳಿಸಿಕೊಂಡ.

"ಅದು ತಪ್ಪಲ್ಲವ್ವ, ನಿಮ್ಮ ಮುತ್ಯಾ," ಅಂದ. "ನೀ ಬೇಕಾದ್ರ ಎಂ.ಎಸ್ಸಿ. ಮಾಡು, ಅವನ್ನ ತಗೀಬ್ಯಾಡ."

ಸ್ಟೀಫನ್ ಸಾಹೇಬರು ಅವನ ಕಡೆಯೇ ನಿಂತರು. ಒಂದೇ ಸ್ವರ ನಿಲ್ಲುವ ಆ ಜಾಗದಲ್ಲಿ ಸ್ಯಾಕ್ಸೋಫೋನ್ ಒಳಗೆ ಬಂದರೆ ಅದಕ್ಕಿಂತ ಒಳ್ಳೆಯ ಬಾಗಿಲು ಇಡೀ ಧಾಟಿಯಲ್ಲಿ ಇಲ್ಲ ಎಂದು ನುಡಿಸಿಯೇ ತೋರಿಸಿದರು. ನಾಲ್ಕು ಎಣಿಕೆ ಉಳಿಯಿತು.

ಸೇಡಂನಲ್ಲಿ ಕೆಲವು ವ್ಯಾಪಾರಸ್ಥರು, ನಿವೃತ್ತ ಮಾಸ್ತರರು ಸೇರಿ ಚಳಿಗಾಲದಲ್ಲಿ ಮೂರು ದಿನದ ಸಂಗೀತ ಮೇಳ ನಡೆಸುವವರಿದ್ದರು. ಅರ್ಜಿ ಕರೆದದ್ದನ್ನು ನೋಡಿ ಬರೆದೆ: ಸ್ಕಾಟ್ಲೆಂಡಿನ ಸಾಂಪ್ರದಾಯಿಕ ಸಂಗೀತ ಮತ್ತು ಜಾಝ್, ಮೂವರು ಕಲಾವಿದರು. ಹೆಸರುಗಳ ಬದಲು ಇನಿಷಿಯಲ್ ಹಾಕಿದ್ದೆ. ಅದು ಬೇಕೆಂದೇ ಹಾಕಿದ್ದೋ ಎಂದು ಆಮೇಲೆ ಕೆಲವರು ಕೇಳಿದರು. ಹೌದು, ಬೇಕೆಂದೇ. ಒಂದೂ ಸುಳ್ಳಿಲ್ಲದೆ, ಜಾತಿ ಓಣಿಗಳ ವಾಸನೆಯೂ ಇಲ್ಲದೆ, ಸಂಗೀತದ ಹೆಸರಿನ ಮೇಲೆಯೇ ನಮ್ಮನ್ನು ಕರೆಯುತ್ತಾರೋ ನೋಡಬೇಕಿತ್ತು. ಕರೆದರು. ಅಚ್ಚಾದ ಕಾರ್ಯಕ್ರಮ ಪಟ್ಟಿ ಬಂತು. ಎರಡನೆಯ ದಿನ, ಸಂಜೆ ಐದೂವರೆ, ಇಪ್ಪತ್ತು ನಿಮಿಷ. ಅಪ್ಪ ಅದನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡ. ಬಂದವರಿಗೆಲ್ಲ ತೆಗೆದು ತೋರಿಸಿದ.

ಮೇಳಕ್ಕೆ ಮೂರು ವಾರ ಮೊದಲು ಕಲಾವಿದರ ಸಭೆಗೆ ಕರೆದರು. ವಾಡಿಯಿಂದ ಪ್ಯಾಸೆಂಜರ್ ಹತ್ತಿ ಚಿತ್ತಾಪುರ ದಾಟಿ ಸೇಡಂನಲ್ಲಿ ಇಳಿದೆವು. ದಾರಿಯುದ್ದಕ್ಕೂ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ಮೇಳದ ಸಂಚಾಲಕರು ದಾಲ್ ಮಿಲ್ಲಿನ ಮಾಲೀಕರು. ಎಲ್ಲರೂ ಸಾವ್ಕಾರ್ರು ಅನ್ನುತ್ತಿದ್ದರು. ಒಳ್ಳೆಯ ಮಾತಿನ ಮನುಷ್ಯ, ಹಣೆಯ ಮೇಲೆ ವಿಭೂತಿ.

"ಬರ್ರಿ, ಬರ್ರಿ. ಸ್ಕಾಟ್ಲೆಂಡಿನವರು ಹಿಂದ ಬರ್ಲಿಕತ್ತಾರೇನು?" ಎಂದು ನಮ್ಮ ಬೆನ್ನ ಹಿಂದೆ ನೋಡಿದರು.

"ನಾವೇ ರೀ," ಅಂದೆ.

ಅವರು ನಕ್ಕು ನಮ್ಮನ್ನು ಕೂರಿಸಿದರು. ಆಮೇಲೆ ಕುರ್ಚಿಯ ತುದಿಯಲ್ಲಿ ಕುಳಿತಿದ್ದ ಅಪ್ಪನನ್ನು ಕಂಡರು. "ಏ ಅಂಬಣ್ಣಾ. ನಮ್ಮ ಸಣ್ಣ ಮಗನ ಲಗ್ನದಾಗ ಊದಿದವ ನೀನೇ ಅಲ್ಲೇನು?"

"ಹೌದ್ರಿ ಸಾವ್ಕಾರ್ರ," ಎಂದು ಅಪ್ಪ ಎದ್ದು ನಿಂತ. ನಾನೂ ಸ್ಟೀಫನ್ ಸಾಹೇಬರೂ ಕುಳಿತೇ ಇದ್ದೆವು.

"ಭಾಳ ಛಲೋ ಊದ್ಯಾನ್ರಿ ಇಂವ, ಅರ್ಧ ಸೇಡಂಕ ಕೇಳ್ಸಿತ್ತು," ಎಂದು ಪಕ್ಕದವರಿಗೆ ಹೇಳಿ, ನನ್ನ ಕಡೆ ತಿರುಗಿದರು. "ಅಲ್ಲ ತಂಗಿ, ಅರ್ಜ್ಯಾಗ ಸ್ಕಾಟ್ಲೆಂಡಿನ ಸಂಗೀತ ಅಂತ ಬರದೀರಲ್ಲ."

"ಅದು ಸ್ಕಾಟ್ಲೆಂಡಿನ ಸಂಗೀತನೇ ರೀ. ಅರ್ಜ್ಯಾಗ ಸುಳ್ಳು ಏನರ ಅದ ಏನ್ರಿ?"

"ಸುಳ್ಳಿಲ್ಲ ಬಿಡು. ಖರೇ ಹೇಳ್ಲಿಕ್ಕೂ ಒಂದು ರೀತಿ ಇರ್ತದಲ್ಲ." ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟದ್ದು. "ನೋಡು, ಒಂದು ಕೆಲಸ ಮಾಡೋಣ. ಮುಖ್ಯ ಅತಿಥಿಗಳು ಅವತ್ತು ಐದೂವರಿಗೇ ಬರ್ತಾರ. ಅಂಬಣ್ಣ ಗೇಟಿನ್ಯಾಗ ನಿಂತು ಊದಲಿ. ಅವರನ್ನ ಒಳಗ ಕರಕೊಂಡು ಬಂದು ಬಿಡಲಿ. ಮೇಳಕ್ಕೂ ಒಂದು ಶಾನ್ ಬರ್ತದ, ಅವನಿಗೂ ರೂಢಿ ಕೆಲಸ. ಏನಂತಿ ಅಂಬಣ್ಣ?"

"ಆಯ್ತರಿ," ಅಂದ ಅಪ್ಪ.

ಮರಳುವ ಗಾಡಿಯಲ್ಲಿ ನಾನು ಕಿಟಕಿಯ ಬಳಿ ಕುಳಿತು ಹೊರಗೇ ನೋಡಿದೆ. ಚಿತ್ತಾಪುರ ದಾಟಿದ ಮೇಲೆ ಅಪ್ಪ ಕೇಳಿದ, "ಸಿಟ್ಟಾಗಿದಿ?"

"ಇಲ್ಲ."

"ನೀ ಸಿಟ್ಟಾದ್ರ ಮಾತು ಸಣ್ಣ ಆಗ್ತಾವ." ಆಮೇಲೆ ಅವನೇ ಅಂದ, "ನಾ ಅವರ ಮುಂದ ಕುಂತು ಊದಿಲ್ಲವ್ವ. ನಿಮ್ಮ ಮುತ್ಯಾನೂ ಊದಿಲ್ಲ. ಕುಂತ್ರ ನನಗ ಉಸುರೇ ಬರಂಗಿಲ್ಲ."

"ಉಸುರಿಗಿ ಕುರ್ಚಿ ಗೊತ್ತಾಗ್ತದೇನಪ್ಪಾ?"

"ಗೊತ್ತಾಗ್ತದ," ಅಂದ.

ಎದುರಿನ ಸೀಟಿನಲ್ಲಿ ಸ್ಟೀಫನ್ ಸಾಹೇಬರು ಕಣ್ಣು ಮುಚ್ಚಿಕೊಂಡೇ ಮಾತಾಡಿದರು. "ನಮ್ಮಪ್ಪ ಇನ್ಸ್ಟಿಟ್ಯೂಟಿಗೆ ಹಿಂದಿನ ಬಾಗಲಿಂದ ಹೋಗ್ತಿದ್ದ. ಮಂದಿ ಕುಣೀಲಿಕ್ಕ ಅವನೇ ಬೇಕು, ಮುಂದಿನ ಬಾಗಲಿಗೆ ಮಾತ್ರ ಬ್ಯಾಡ. ನಾ ರಿಟೈರ್ ಆದ ಮರುದಿನ ಮುಂದಿನ ಬಾಗಲಿಂದ ಹೋಗಿ ಊದಿದೆ ನೋಡು. ಹಾಲ್‌ನ್ಯಾಗ ಒಬ್ಬರೂ ಇರಲಿಲ್ಲ. ಆದ್ರೂ ಊದಿದೆ."

ಮರುದಿನ ಸಮಿತಿಗೆ ಪತ್ರ ಬರೆದೆ. ಅಚ್ಚಾದ ಪಟ್ಟಿಯಲ್ಲಿ ನಮ್ಮ ಕಾರ್ಯಕ್ರಮವಿದೆ, ಆ ದಿನ ಆ ಹೊತ್ತಿಗೆ ನಾವು ವೇದಿಕೆಯ ಮೇಲಿರುತ್ತೇವೆ, ಬದಲಾವಣೆಯಿದ್ದರೆ ಕಾರಣವನ್ನು ದಯವಿಟ್ಟು ಬರಹದಲ್ಲಿ ತಿಳಿಸಿ. ಒಟ್ಟು ನಾಲ್ಕು ವಾಕ್ಯ. ಬರಹದಲ್ಲಿ ಉತ್ತರ ಬರಲಿಲ್ಲ. ಸಾವ್ಕಾರ್ರು ತಾವೇ ಫೋನ್ ಮಾಡಿದರು.

"ಕಾಗದ ಭಾಳ ಛಲೋ ಬರದಿದಿ ತಂಗಿ. ಕಲತವರು ಅಂದ್ರ ಹಿಂಗಿರಬೇಕು. ನೋಡು, ನೀನೂ ಆ ಗಾರ್ಡ್ ಸಾಹೇಬ್ರೂ ವೇದಿಕಿ ಮ್ಯಾಲ ಬರ್ರಿ. ನಾ ಯಾರಿಗೂ ಇಲ್ಲ ಅನ್ನೋದಿಲ್ಲ. ಅಂಬಣ್ಣ ಮಾತ್ರ ಗೇಟಿಗಿರಲಿ, ಅವ ಒಪ್ಪ್ಯಾನಲ್ಲ. ಎಷ್ಟು ಕುರ್ಚಿ ಬೇಕು ಹೇಳು, ಎರಡು ಹಾಕಿಸ್ತೀನಿ."

ಅಪಮಾನಗಳನ್ನು ನಾನು ಎಣಿಸಿಡುವವಳಲ್ಲ. ಆದರೆ ಇಷ್ಟು ಮೃದುವಾಗಿ ಅಪ್ಪನಿಂದ ನನ್ನನ್ನು ಯಾರೂ ಬೇರೆ ಮಾಡಿರಲಿಲ್ಲ. ಅವನು ಊದಿ ಕಟ್ಟಿದ ಶುಲ್ಕದಿಂದ ನಾನು ಕಲಿತೆ. ಆ ಕಲಿಕೆಗೆ ಈಗ ಒಂದು ಕುರ್ಚಿ, ಅವನಿಗೆ ಗೇಟು.

"ಮೂರು ಹಾಕಿಸ್ರಿ," ಎಂದು ಫೋನ್ ಇಟ್ಟೆ.

ಅಪ್ಪನಿಗೆ ನಾನು ಮತ್ತೆ ಏನೂ ಹೇಳಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ತಾಲೀಮು ಮಾತ್ರ ಬಿಡಲಿಲ್ಲ. ಅವನು ಹಾಲಿನ ಗೋಡೆಯ ಗುಂಟ ನಡೆದ, ನಾವು ನಡುವೆ ಕುಳಿತು ನುಡಿಸಿದೆವು. ಮೇಳದ ದಿನ ಬೆಳಿಗ್ಗೆ ಬಿಳಿ ಅಂಗಿಯೊಂದನ್ನು ಇಸ್ತ್ರಿ ಮಾಡಿ ಅವನ ಹಾಸಿಗೆಯ ಮೇಲಿಟ್ಟೆ. ವೇದಿಕೆಗೆ ಬರುವವರು ಹಾಗೆ ಬರುತ್ತಾರೆಂದು ನನ್ನ ತಿಳಿವಳಿಕೆ. ಅವನು ಅದನ್ನು ನೋಡಿ, ಪೆಟ್ಟಿಗೆಯಿಂದ ಬ್ಯಾಂಡಿನ ಕೆಂಪು ಕೋಟು ತೆಗೆದು ಕೊಡವಿ ತೊಟ್ಟುಕೊಂಡ. ಜರಿ ಅಂಚಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ. ಗೇಟನ್ನೇ ಆರಿಸಿದ ಎಂದುಕೊಂಡೆ. ಆ ಕೋಟನ್ನು ಕಂಡು ನನಗೆ ನಾಚಿಕೆಯಾಯಿತೆಂಬುದನ್ನು ಇವತ್ತು ಬರೆಯಬಲ್ಲೆ.

ಸೇಡಂನ ಮೈದಾನದಲ್ಲಿ ಹೊತ್ತು ಇಳಿಯುತ್ತಿತ್ತು. ಗೇಟಿನಿಂದ ವೇದಿಕೆಯವರೆಗೆ ಕುರ್ಚಿಗಳ ನಡುವೆ ಕೆಂಪು ಜಮಖಾನೆ ಹಾಸಿದ್ದರು. ವೇದಿಕೆಯ ಹಲಗೆಗಳು ಕಾಲಿಟ್ಟರೆ ಕೂಗುತ್ತಿದ್ದವು. ಮೂರು ಕುರ್ಚಿಗಳಿದ್ದವು. ನಾನೂ ಸ್ಟೀಫನ್ ಸಾಹೇಬರೂ ಎರಡರಲ್ಲಿ ಕುಳಿತೆವು. ಸಮಿತಿಯ ಬ್ಯಾಡ್ಜ್ ಹಾಕಿದ ಒಬ್ಬರು ಬಂದು ಮೂರನೆಯದರ ಬೆನ್ನು ಹಿಡಿದರು.

"ಇದು ಖಾಲಿ ಅದಲ್ರಿ ಮೇಡಂ, ಮುಂದಿನ ಸಾಲಿಗಿ ಬೇಕಾಗ್ಯದ."

"ಖಾಲಿ ಇಲ್ರಿ," ಎಂದು ಸೀಟಿನ ಮೇಲೆ ಕೈಯಿಟ್ಟೆ.

ಅವರು ಬಗ್ಗಿ ನೋಡಿದರು. "ಯಾರರ ಅದಾರೇನ್ರಿ ಇದ್ರಾಗ? ನನಗಂತೂ ಕಾಣ್ಸವಲ್ಲರು."

"ಬರ್ಲಿಕತ್ತಾರ."

ಬರುತ್ತಾನೆಂದು ನನಗೆ ಗೊತ್ತಿರಲಿಲ್ಲ. ಕೈ ಮಾತ್ರ ತೆಗೆಯಲಿಲ್ಲ. ಅವರು ಹೋದರು.

ಐದೂವರೆಗೆ ನಮ್ಮ ಕಾರ್ಯಕ್ರಮದ ಹೆಸರು ಕೂಗಿದರು. ಅದೇ ಹೊತ್ತಿಗೆ ಗೇಟಿನಲ್ಲಿ ಕಾರು ನಿಂತಿತು. 'ಬೀಗರು ಇಳಿಯೋದು' ಕೇಳಿಸಿತು: ಗಟ್ಟಿಯಾಗಿ, ಒಪ್ಪವಾಗಿ, ಯಾವ ಲಗ್ನದಲ್ಲೂ ಊದುವ ಹಾಗೆ. ಜನರೆಲ್ಲ ವೇದಿಕೆಗೆ ಬೆನ್ನು ಮಾಡಿ ಗೇಟಿನ ಕಡೆ ತಿರುಗಿದರು. ಹಾರ ಹಾಕಿದ್ದು, ಕೈ ಮುಗಿದದ್ದು ದೂರದಿಂದ ಕಂಡಿತು. ಪೈಪು ನಿಂತಿತು.

ನಾನು ಬ್ರಷ್‌ಗಳನ್ನು ಎತ್ತಿ ಗುಡಿಸತೊಡಗಿದೆ. ಎರಡು, ನಾಲ್ಕು. ಎರಡು, ನಾಲ್ಕು. ಸ್ಟೀಫನ್ ಸಾಹೇಬರು ನನ್ನನ್ನೊಮ್ಮೆ ನೋಡಿ 'ಹೆಣ್ಣು ಒಪ್ಪಿಸೋದು' ಎತ್ತಿಕೊಂಡರು. ಮೊದಲ ಸಾಲು, ಎರಡನೆಯ ಸಾಲು. ಮುತ್ಯಾನ ಉಸಿರಿನ ಜಾಗ ಬಂದಾಗ ಅವರು ಸ್ಯಾಕ್ಸೋಫೋನನ್ನು ಬಾಯಿಂದ ತೆಗೆದುಬಿಟ್ಟರು. ನಾಲ್ಕು ಎಣಿಕೆಯ ಜಾಗವನ್ನು ಬರಿದೇ ಬಿಟ್ಟರು. ನನ್ನ ಬ್ರಷ್‌ಗಳ ಸದ್ದು ಬಿಟ್ಟರೆ ಏನೂ ಇಲ್ಲ. ಇಡೀ ವರ್ಷದಲ್ಲಿ ಅಷ್ಟು ಉದ್ದದ ನಾಲ್ಕನ್ನು ನಾನು ಎಣಿಸಿರಲಿಲ್ಲ.

ಮೂರನೆಯ ಎಣಿಕೆಗೆ ಗೇಟಿನ ಕಡೆಯಿಂದ ಶ್ರುತಿ ಎದ್ದಿತು. ಚೀಲ ತುಂಬಿ, ಕೊಳವೆಗಳು ಒಂದಾಗಿ, ಆಮೇಲೆ ಧಾಟಿ.

ಅಪ್ಪ ಅತಿಥಿಗಳ ಮುಂದೆ ಜಮಖಾನೆಯ ಮೇಲೆ ನಡೆದು ಬರತೊಡಗಿದ. ಅವರನ್ನು ಕರೆತರುವುದೇ ಅವನಿಗೆ ಹೇಳಿದ ಕೆಲಸ. ಆದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಸಾವ್ಕಾರ್ರು, ಹಾರ ಹಾಕಿಕೊಂಡ ಅತಿಥಿಗಳು, ಸಮಿತಿಯವರು, ಎಲ್ಲರೂ ಅವನ ಹೆಜ್ಜೆಗೆ ಹೆಜ್ಜೆ ಇಟ್ಟು ಹಿಂದೆ ಬಂದರು. ಧಾಟಿ ನಿಧಾನದ್ದಾದ್ದರಿಂದ ಅವರೂ ನಿಧಾನವಾಗಿಯೇ ಬರಬೇಕಾಯಿತು. ಮತ್ತೆ ಸೇರಿಕೊಂಡಿದ್ದ ಸ್ಟೀಫನ್ ಸಾಹೇಬರು ಅವನು ಹತ್ತಿರ ಬಂದಷ್ಟೂ ದನಿ ತಗ್ಗಿಸಿ ಕಡೆಗೆ ನಿಲ್ಲಿಸಿದರು.

ಮುಂದಿನ ಸಾಲು ಬಂತು. ಅತಿಥಿಗಳು ಕುಳಿತರು. ಬ್ಯಾಂಡಿನವರು ಎಡಕ್ಕೆ ಸರಿಯುವ ಜಾಗ ಅದು. ಸಾವ್ಕಾರ್ರು ಕೈಯಿಂದ ಎಡಕ್ಕೆ ತೋರಿಸಿಯೂ ತೋರಿಸಿದರು. ಅಪ್ಪ ಅಲ್ಲಿ ನಿಂತ. ಸ್ವರ ಹಿಡಿದ. ಮುತ್ಯಾನ ನಾಲ್ಕು ಎಣಿಕೆ ಪೂರ್ತಿ ಹಿಡಿದ. ಸ್ಯಾಕ್ಸೋಫೋನ್ ಆ ಬಾಗಿಲಿನಿಂದ ಒಳಗೆ ಬಂತು. ಅಪ್ಪ ಮೆಟ್ಟಿಲಿನ ಮೇಲೆ ಕಾಲಿಟ್ಟ.

ಕೆಂಪು ಕೋಟು ವೇದಿಕೆಯ ಮೇಲೆ ನಮ್ಮ ಸುತ್ತ ನಡೆಯಿತು. ಅವನು ಹಿಂದಿನ ಪರದೆಯವರೆಗೆ ಹೋದಾಗ ಸ್ಟೀಫನ್ ಸಾಹೇಬರು ಧಾಟಿಯನ್ನು ತಮ್ಮ ಮಾತಿನಲ್ಲಿ ಹೇಳಿದರು. ಯಾವ ಯಾವ ಓಣಿಗೋ ಹೋದರು. ಅವನು ಮುಂದೆ ಬಂದಾಗ ಮನೆಗೆ ಬಂದರು. ನನಗೆ ಜನರ ಮುಖ ನೋಡಲು ಬಿಡುವಿರಲಿಲ್ಲ. ಎರಡು, ನಾಲ್ಕು. ಧಾಟಿ ಮುಗಿದು ಚೀಲ ನಿಟ್ಟುಸಿರು ಬಿಟ್ಟಾಗ ಚಪ್ಪಾಳೆ ಶುರುವಾದದ್ದು ಹಿಂದಿನಿಂದ, ಗೇಟಿನ ಬಳಿ ನಿಂತವರಿಂದ. ಮುಂದಿನ ಸಾಲಿಗೆ ಅದು ಕಡೆಗೆ ಮುಟ್ಟಿತು.

ಸಾವ್ಕಾರ್ರು ಮೆಟ್ಟಿಲಿನ ಬಳಿ ಬಂದರು. ಮುಖದಲ್ಲಿ ನಗು ಇತ್ತು, ದನಿ ಮಾತ್ರ ಸಣ್ಣದು. "ಛಲೋ ಆಯ್ತು ಅಂಬಣ್ಣ. ಸಾಕಿನ್ನ, ಕೆಳಗ ಇಳಿ. ಸಾಹೇಬ್ರ ಭಾಷಣ ಅದ."

ಅಪ್ಪ ಅವರನ್ನು ನೋಡಿದ. ಅಭ್ಯಾಸದಿಂದ ತಲೆ ಅರ್ಧ ಬಾಗಿತು. 'ಆಯ್ತರಿ' ಎಂಬುದು ಅವನ ಬಾಯಲ್ಲಿ ಹುಟ್ಟುವುದನ್ನು ನಾನು ಕಂಡೆ. ಆಮೇಲೆ ಅವನು ಕೆಂಪು ಕೋಟಿನ ಕಿಸೆಗೆ ಕೈ ಹಾಕಿ ಆ ಪಟ್ಟಿ ತೆಗೆದ; ಮಡಿಕೆಗಳಲ್ಲಿ ಅದು ಹರಿದಿತ್ತು.

"ಇನ್ನ ಆಗಿಲ್ರಿ ಸಾವ್ಕಾರ್ರ," ಅಂದ. "ಇದ್ರಾಗ ಇಪ್ಪತ್ತು ಮಿಂಟ ಅಂತ ಬರದೀರಿ. ಇನ್ನ ಅರ್ಧ ಅದ."

ಪಟ್ಟಿಯನ್ನು ಮಡಿಸಿ ಕಿಸೆಗೆ ಹಾಕಿಕೊಂಡ. ನಾನು ಮೂರನೆಯ ಕುರ್ಚಿಯನ್ನು ಒಂದು ಗೇಣು ಮುಂದೆ ತಳ್ಳಿದೆ. ಅಪ್ಪ ತುದಿಯಲ್ಲಿ ಅಲ್ಲ, ಬೆನ್ನು ತಾಗುವಂತೆ ಕುಳಿತ. ಸಾವ್ಕಾರ್ರು ಕೆಳಗೆ ನಿಂತಿದ್ದರು. ಅವನು ಚೀಲವನ್ನು ಕಂಕುಳಿಗೆ ಸೇರಿಸಿ ಉಸಿರು ತುಂಬಿದ. ಅದು ಬಂತು. ಎರಡನೆಯ ಧಾಟಿಯ ಮೊದಲ ಸಾಲು ಹೋಯಿತು, ಎರಡನೆಯ ಸಾಲೂ ಹೋಯಿತು, ಒಂದು ಬೆರಳೂ ತಪ್ಪಲಿಲ್ಲ. ನಾನು ತಲೆ ತಗ್ಗಿಸಿ ಬ್ರಷ್ ಆಡಿಸುತ್ತಾ ಅವನ ಬೂಟುಗಳನ್ನು ನೋಡಿದೆ. ಅಪ್ಪ ಕುಳಿತೇ ಇದ್ದ. ಬೂಟುಗಳು ಮಾತ್ರ ಹಲಗೆಯ ಮೇಲೆ ಎಡ ಬಲ, ಎಡ ಬಲ, ನಡೆಯುತ್ತಲೇ ಇದ್ದವು.